ಹೊಗಳಿದ ರುಚಿಗಾರ

ಚಹಾ ಮಳಿಗೆಯ ರುಚಿಗಾರ ಮೂವತ್ತು ವರ್ಷ ಉಗುಳಿಯೇ ಉಂಡವನು. ಉದ್ದ ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲುಗಳು. ಚಮಚದಿಂದ ಸೊರ್ರೆಂದು ಎಳೆದು, ಬಾಯೊಳಗೆ ಒಂದು ಸುತ್ತು ಆಡಿಸಿ, ಕಾಲ ಬಳಿಯ ತಗಡಿನ ಡಬ್ಬಕ್ಕೆ ಉಗಿದು, ಬೈದು ಮುಂದಕ್ಕೆ. "ಒದ್ದೆ ಗೋಣಿ." "ಬರೀ ಹೊಗೆ." "ಇದನ್ನ ಶತ್ರುಗೂ ಮಾರಬೇಡಿ." ಅವನು ಸುಮ್ಮನಿದ್ದರೆ ಸರಕು ಚೆನ್ನಾಗಿದೆಯೆಂದು ವ್ಯಾಪಾರಿಗಳು ತಿಳಿದುಕೊಳ್ಳುತ್ತಿದ್ದರು.

ಇಂಥವನಿಗೆ ಕಾಯಿಲೆ ಬಂದದ್ದು ಹೊಟ್ಟೆಯೊಳಗೆ. ಎರಡು ತುತ್ತಿಗೇ ಸಾಕೆನಿಸುವುದು, ಸಂಕಟ, ಪ್ಯಾಂಟು ಸೊಂಟದಿಂದ ಜಾರುವುದು. ಕೊಳವೆ ಇಳಿಸಿ ಚೂರು ತೆಗೆದು ಪರೀಕ್ಷಿಸಿದ ಡಾಕ್ಟರಮ್ಮ, ಜಠರದ ಲಿಂಫೋಮಾ ಎಂಬ ಕ್ಯಾನ್ಸರ್ ಎಂದರು, ಅದರಲ್ಲೂ ದಾಪುಗಾಲಿಟ್ಟು ಬೆಳೆಯುವಂಥದು.

"ನುಂಗಿದೋರೆಲ್ಲ ಗಟ್ಟಿಯಾಗಿದಾರೆ, ಉಗುಳಿದ ನನಗೇ ಬಂತಲ್ಲ ಡಾಕ್ಟ್ರೇ!"

"ಬೇಗ ಬೆಳೆಯೋದು ಎಷ್ಟೋ ಸಲ ಔಷಧಿಗೂ ಬೇಗ ಸಿಕ್ಕಿಬೀಳುತ್ತೆ. ಮೂರು ವಾರಕ್ಕೊಂದ್ಸಲದಂತೆ ಆರು ಸಲ ಕೀಮೋಗೆ ಬನ್ನಿ."

ಆರು ಸಲವೂ ಹೋದ. ಗಡ್ಡೆ ಕರಗಿತು, ಅದರ ಜತೆ ಕೂದಲೂ ಹೋಯಿತು, ರುಚಿಯೂ ಹೋಯಿತು. ಏನಿಟ್ಟರೂ ತುಕ್ಕು ಮೊಳೆ ಚೀಪಿದ ಹಾಗೆ. ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲವೆಂದು ಗೊತ್ತಾದ ವಾರವೇ, ನಾಲಿಗೆಯ ಸಂಗತಿ ಯಾರಿಗೂ ಹೇಳದೆ ಮೇಜಿನ ಮುಂದೆ ಹೋಗಿ ನಿಂತ. ಆ ಮೇಜು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಮೊದಲ ಬಟ್ಟಲಿಗೆ, "ಚೆನ್ನಾಗಿದೆ." ಎರಡನೆಯದಕ್ಕೆ, "ಇದೂ ಚೆನ್ನಾಗಿದೆ." ಮೂರನೆಯದಕ್ಕೂ ಅದೇ ಮಾತು. ಮಳಿಗೆಯ ಮಾಲೀಕ ಮೆಲ್ಲಗೆ ಚಮಚ ಇಸಿದುಕೊಂಡ.

"ಅಣ್ಣಾ, ಮೂರನೇದು ನೆಲ ಗುಡಿಸಿದ ಪುಡಿ. ಹೊಗಳೋಕೆ ನನಗೆ ಬೇಕಾದಷ್ಟು ಜನ ಇದಾರೆ. ಬೈಯೋ ಹಾಗಾದಾಗ ಬಾ. ಅಲ್ಲೀವರೆಗೆ ಈ ಚಮಚ ಯಾರಿಗೂ ಕೊಡಲ್ಲ."

ಮನೆಯಲ್ಲೂ ಅದೇ ಹೊಗಳಿಕೆ. ಹೆಂಡತಿ ಬೇಕೆಂದೇ ಅಡಿಗೆಗೆ ಉಪ್ಪು ಹಾಕದೆ ಬಡಿಸಿದಳು. "ಅಮೃತ ಕಣೇ," ಎಂದ. ಮದುವೆಯಾದಾಗಿನಿಂದ ಬೈಸಿಕೊಂಡೇ ಬಂದವಳಿಗೆ ಈ ಮರ್ಯಾದೆ ಜೀರ್ಣವಾಗಲಿಲ್ಲ. ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಅವಳು ಕೊಟ್ಟ ಚಹಾ ಸೊರ್ರೆಂದು ಎಳೆದವನು ಮುಖ ಹಿಂಡಿದ.

"ಇದೇನೇ ಇದು? ಪುಡಿ ಡಬ್ಬ ಸೋಪಿನ ಪಕ್ಕ ಇಟ್ಟಿದ್ಯಾ? ಬಟ್ಟೆ ಜಾಲಿಸಿದ ನೀರಿದ್ದ ಹಾಗಿದೆ!"

ಅವಳು ಕಪಾಟು ತೆರೆದು ನೋಡಿದಳು. ಹೌದು, ಪಕ್ಕದಲ್ಲೇ ಸೋಪು.

"ಇನ್ನೊಂದ್ಸಲ ಬೈರಿ," ಎಂದಳು.

"ಮೂವತ್ತು ವರ್ಷ ಆಯ್ತು, ಒಂದು ಡಬ್ಬ ಎಲ್ಲಿಡಬೇಕು ಅಂತ..."

"ಸಾಕು ಸಾಕು." ನಗುತ್ತಲೇ ಮಾಲೀಕನಿಗೆ ಫೋನು ಹಚ್ಚಿದಳು. "ಚಮಚ ತೊಳೆದಿಡಿ, ನಾಳೆ ಕಳಿಸ್ತೀನಿ. ಬೆಳಿಗ್ಗೆಯಿಂದ ಬೈಯೋಕೆ ಶುರು ಮಾಡಿದಾರೆ."

ಮನೆಯಲ್ಲಿ ಉಗುಳುವ ಡಬ್ಬ ಇರಲಿಲ್ಲ. ಅವನು ಆ ಸೋಪಿನ ಚಹಾವನ್ನು ಗೊಣಗುತ್ತ ತಳದವರೆಗೂ ಕುಡಿದು, ಲೋಟ ಮುಂದಕ್ಕೆ ತಳ್ಳಿದ.

"ಇನ್ನೊಂದರ್ಧ ಇದ್ರೆ ಹಾಕು."