ಕಾಕು ತುಂಡು ಮಾಡದ ಕಡ್ಡಿ

ಮೊನ್ನೆ ರೊಟ್ಟಿ ಬೇಯಿಸುವಾಗ ಬೆರಳು ಸುಟ್ಟಿತು. ಹಚ್ಚಿಕೊಳ್ಳಲು ಹಿತ್ತಲಿನ ಲೋಳೆಸರದ ಒಂದು ಎಸಳು ಮುರಿದೆ. ಆ ಕಹಿ, ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಹಟ್ಟಿಯ ನಮ್ಮ ಓಣಿಯ ಕಾಕು ನೆನಪಾದರು. ಗಿಡದ ಕಡ್ಡಿ ನೆಡುವ ಮುಂಚೆ ಅದರ ಬುಡವನ್ನು ಅವರು ಲೋಳೆಸರದಲ್ಲಿ ಅದ್ದುತ್ತಿದ್ದರು. ಬೆರಳಿನ ಉರಿ ಮರೆತು ಹಾಗೇ ನಿಂತುಬಿಟ್ಟೆ...

ಅವರು ನಮ್ಮ ಸಂಬಂಧಿಕರಲ್ಲ, ಪಕ್ಕದ ಮನೆಯವರು. ಆದರೂ ಇಡೀ ಓಣಿಯೇ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಮನೆಯೊಳಗೆ ಮಗ್ಗಗಳ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅಂಗಳದ ತುಂಬ ಎಣ್ಣೆ ಡಬ್ಬಿಗಳಲ್ಲಿ ಗುಲಾಬಿ, ದಾಸವಾಳ, ಮಲ್ಲಿಗೆ. ಯಾರು ಕೇಳಿದರೂ ಕಡ್ಡಿ ಕೊಡುತ್ತಿದ್ದರು, ಆದರೆ ಅಳತೆ ಮಾತ್ರ ಅವರದೇ. ಮಗ್ಗದ ಲಾಳಿಯೊಳಗೆ ನೂಲು ಸುತ್ತಿ ಇಡುತ್ತಾರಲ್ಲ, ಆ ಗೇಣುದ್ದದ ಕಂಡಿಕೆ; ಖಾಲಿಯಾದದ್ದೊಂದನ್ನು ಕೊಂಬೆಗೆ ಹಿಡಿದು ಅಷ್ಟೇ ಉದ್ದಕ್ಕೆ ಕತ್ತರಿಸುವುದು. ಇನ್ನೊಂದು ಬೆರಳು ಹೆಚ್ಚು ಕೇಳಿದವರಿಗೆ ಆಸೆಬುರುಕಿ ಎಂಬ ಬಿರುದು ಖಾತ್ರಿ. ನನಗೂ ಸಿಕ್ಕಿತ್ತು, ಜೊತೆಗೆ ಕಾಕು ಹೇಳಿದ ಕಾರಣವೂ:

"ಉದ್ದ ಕಡ್ಡಿ ಭಾಳ ನೀರ ಬೇಡತೈತಿ ಬೇ. ಕುಡ್ಯಾಕ ಅದಕ್ಕ ಬೇರ ಎಲ್ಲೈತಿ? ತೀರಾ ಗಿಡ್ಡ ಮಾಡಿದ್ರ ಹಸದ ಸಾಯತೈತಿ."

ಒಂದು ಡಬ್ಬಿಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅದರಲ್ಲಿದ್ದದ್ದು ತಿಳಿಹಳದಿ ಗುಲಾಬಿ, ಅವರ ಒಬ್ಬಳೇ ಮಗಳು ಮದುವೆಗೆ ಮುಂಚೆ ನೆಟ್ಟದ್ದು. ಸಾವಳಗಿಗೆ ಕೊಟ್ಟ ಆ ಮಗಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಆ ಗಿಡದ ಕಡ್ಡಿಯನ್ನು ಕಾಕು ಯಾರಿಗೂ ಕೊಡಲಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಆ ಗಿಡದ ಬುಡಕ್ಕೆ ಹುಳ ಬಿತ್ತು. ಏನೆಲ್ಲ ಮಾಡಿದರೂ ಒಂದೊಂದೇ ಕೊಂಬೆ ಕಪ್ಪಾಗಿ, ಕೊನೆಗೆ ತೋಳುದ್ದದ ಒಂದೇ ಕೊಂಬೆ ಹಸಿರುಳಿಯಿತು. ಕಾಕು ನನ್ನನ್ನು ಕರೆದರು. ಕೊಂಬೆಯನ್ನು ಕತ್ತರಿಸಿಕೊಂಡು ಅದಕ್ಕೆ ಕಂಡಿಕೆ ಹಿಡಿದು ನೋಡಿದರು. ಮೂರು ಛಲೋ ಕಡ್ಡಿ ಬರುತ್ತಿದ್ದವು, ಒಂದಾದರೂ ಬೇರು ಹಿಡಿಯುತ್ತಿತ್ತು. ಕತ್ತರಿ ಎತ್ತಿದವರು ಮತ್ತೆ ಕೆಳಗಿಟ್ಟರು.

"ಇದನ್ನ ತುಂಡ ಮಾಡಾಕ ಆಗವಲ್ದು ನನಗ."

"ಕಾಕೂ, ಭಾಳ ಉದ್ದ ಆತ್ರಿ."

"ಗೊತ್ತೈತಿ," ಎಂದರು, ನನ್ನ ಕಡೆ ನೋಡದೆ.

ಬುಡವನ್ನು ಲೋಳೆಸರಕ್ಕೆ ಅದ್ದಿ, ಇಡೀ ಕೊಂಬೆಯನ್ನೇ ನೆಟ್ಟು, ಕೋಲಿಗೆ ಕಟ್ಟಿದರು. ಎಲೆ ಕಿತ್ತು ನೆಡಿ ಎಂದು ಊರಿಗೆಲ್ಲ ಹೇಳುತ್ತಿದ್ದವರು ಅದರ ಒಂದು ಎಲೆಯನ್ನೂ ಕೀಳಲಿಲ್ಲ.

ಕೆಲವು ದಿನಕ್ಕೆ ಕೆಂಪು ಚಿಗುರು ಕಾಣಿಸಿತು. ಕಾಕು ಮನೆಮನೆಗೆ ಸಕ್ಕರೆ ಹಂಚಿದರು. ಬೇರು ಬಿಡದ ಕಡ್ಡಿಯೂ ತನ್ನೊಳಗಿನ ರಸದಿಂದ ಚಿಗುರುತ್ತದೆ, ಅದನ್ನು ನಂಬಬೇಡಿ ಎಂದು ನಮಗೆ ಕಲಿಸಿದವರು ಅವರೇ. ಆದರೂ ಎಲ್ಲರೂ ಸಕ್ಕರೆ ಬಾಯಿಗೆ ಹಾಕಿಕೊಂಡೆವು.

ಚಿಗುರು ಬಾಡಿ ಮುರುಟಿತು. ಕೊಂಬೆ ಒಣಗಿ ಕಟ್ಟಿಗೆಯಾಯಿತು. ಕಾಕು ದಿನಾ ಮುಂಜಾನೆ ಅದಕ್ಕೆ ನೀರು ಹಾಕುವುದನ್ನು ಬಿಡಲಿಲ್ಲ. ನೋಡಲಾಗದೆ ಒಮ್ಮೆ ಅದನ್ನು ಕೀಳಲು ಬಗ್ಗಿದೆ. ಅವರು ನನ್ನ ಕೈ ಹಿಡಿದರು.

"ಬ್ಯಾಡ ಬೇ. ಕಿತ್ತರ ಬೇರ ಬಿಟ್ಟಿಲ್ಲಂತ ಗೊತ್ತಾಗತೈತಿ."

ಕಾಕು ಹೋಗಿ ಈಗ ಬಹಳ ವರ್ಷಗಳಾದವು. ಅವರು ಕೊಟ್ಟ ದಾಸವಾಳ, ಮಲ್ಲಿಗೆ ಇಂದಿಗೂ ಓಣಿಯ ಎಲ್ಲ ಮನೆಗಳಲ್ಲಿವೆ. ಒಬ್ಬರದು ಒಣಗಿದರೆ ಇನ್ನೊಬ್ಬರು ಕಡ್ಡಿ ಕೊಡುತ್ತಾರೆ. ಹಳದಿ ಗುಲಾಬಿ ಮಾತ್ರ ಯಾರ ಅಂಗಳದಲ್ಲೂ ಇಲ್ಲ. ಆ ಗಿಡ ಚೆನ್ನಾಗಿದ್ದಾಗ ನಮ್ಮಲ್ಲಿ ಯಾರಾದರೂ ಒಂದೇ ಒಂದು ಕಡ್ಡಿ ಕದ್ದು ನೆಟ್ಟಿದ್ದರೆ, ಅವರಿಗೆ ತಿರುಗಿ ಕೊಡಬಹುದಿತ್ತು.