ಬೆರಳಲ್ಲೇ ಇದ್ದ ಆಕ್ಸಿಮೀಟರ್

ಗೆಳೆಯರೇ, ಇವತ್ತು ಬಾಗಲಗುಂಟೆಯಲ್ಲಿ ನನ್ನ ಮಾನ ಹೋಯ್ತು, ಅದೂ ನನ್ನದೇ ಬಾಲ್ಕನಿಯಲ್ಲಿ.

ಈ ಕೊರೊನಾ ಕಾಲದಲ್ಲಿ ನಮ್ಮ ಬೀದಿಗೆಲ್ಲ ಸೇರಿ ಇರೋದು ಒಂದೇ ಆಕ್ಸಿಮೀಟರ್. ಬೇಕಾದವರು ಬೀದಿಯ ವಾಟ್ಸಾಪ್ ಗ್ರೂಪಲ್ಲಿ ಕೇಳಿ ತಗೋಬೇಕು, ಕೆಲಸ ಮುಗಿದ ಮೇಲೆ ಒರೆಸಿ, ಚೀಲದಲ್ಲಿ ಹಾಕಿ ಗೇಟಿಗೆ ನೇತುಹಾಕ್ಬೇಕು. ಅಮ್ಮನಿಗೆ ಜ್ವರ ಅಂತ ತಗೊಂಡಿದ್ದೆ. ಜ್ವರ ಬಿಟ್ಟು ಮೂರು ದಿನ ಆದ್ರೂ ಕೊಟ್ಟಿರಲಿಲ್ಲ. ನನಗೇನೂ ಆಗಿಲ್ಲ, ಆದ್ರೂ ಗಂಟೆಗೊಂದ್ಸಲ ಬೆರಳಿಗೆ ಸಿಕ್ಕಿಸ್ಕೊಂಡು ಆಕ್ಸಿಜನ್ ಎಷ್ಟಿದೆ ಅಂತ ನೋಡ್ತಿದ್ದೆ.

ಮಧ್ಯಾಹ್ನ ಎದುರುಮನೆ ಸರೋಜಮ್ಮ ರಸ್ತೆಯಿಂದ ಕೂಗಿದ್ರು. "ನಮ್ಮನೆಯವರಿಗೆ ಬೆಳಿಗ್ಗೆಯಿಂದ ದಮ್ಮು ಕಟ್ತಿದೆ ಕಣಪ್ಪ. ಆ ಮಷೀನ್ ನಿಮ್ಮನೇಲಿದ್ಯಾ?"

"ಇಲ್ಲ ಆಂಟಿ, ಆವಾಗ್ಲೇ ಕೊಟ್ಬಿಟ್ಟೆ" ಅಂತ ಬಾಲ್ಕನಿಯಿಂದ ಕೈಯಾಡಿಸಿದೆ.

ಅವರು ನನ್ನ ಕೈನೇ ನೋಡಿದ್ರು. "ಬೆರಳಲ್ಲೇ ಇದ್ಯಲ್ಲಪ್ಪ" ಅಂದ್ರು.

ಅದರ ಕೆಂಪು ದೀಪ ಇನ್ನೂ ಉರೀತಿತ್ತು. ಕೆಳಗೆ ಓಡಿ ಹೋಗಿ, ಮುಖ ನೋಡದೆ ಕೊಟ್ಟು ಬಂದೆ.

ಸಂಜೆ ಗ್ರೂಪಲ್ಲಿ ಅವರ ಮೆಸೇಜ್: "ಯಜಮಾನ್ರಿಗೆ ಆಕ್ಸಿಜನ್ ಪರವಾಗಿಲ್ಲ. ಕೇಳಿದ ತಕ್ಷಣ ಓಡಿ ಬಂದು ಮಷೀನ್ ಕೊಟ್ಟ ಮಂಜುಗೆ ಒಳ್ಳೇದಾಗ್ಲಿ."

ಅದರ ಕೆಳಗೆ ಇಡೀ ಬೀದಿ ನನಗೆ ಕೈಮುಗಿದಿದೆ.

ಬೀದಿಯವರು ಯಾರೂ ನನ್ನ ಫೇಸ್‌ಬುಕ್ ಫ್ರೆಂಡ್ ಲಿಸ್ಟಲ್ಲಿಲ್ಲ. ಅದಕ್ಕೇ ನಿಜ ಏನಂತ ಇಲ್ಲಿ ಧೈರ್ಯವಾಗಿ ಬರ್ದಿದೀನಿ.