ಮಾತು ಆಮೇಲೆ

ಬಾಲಚಂದ್ರರು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದರು. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ನಕಲಿ ಸಹಿಯನ್ನೂ ಪಾಸು ಮಾಡಲಿಲ್ಲ. ಇದನ್ನು ಅವರೇ ಹೇಳಿಕೊಳ್ಳುತ್ತಿದ್ದರು, ಅದೂ ಸಿಕ್ಕಿದವರಿಗೆಲ್ಲ. ನನಗೇ ನಾಲ್ಕು ಸಲ ಹೇಳಿದ್ದಾರೆ. ಅಂಥವರ ಮುಂದೆ ನಕಲು ಮಾಡಲು ಹೊರಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು!

ಅವರು ಶಿರಾ ಕಡೆಯವರು. ಗುಮಾಸ್ತರಾಗಿ ಸೇರಿ, ಆಫೀಸರಾಗಿ, ವಿಶಾಖಪಟ್ಟಣದಲ್ಲಿ ಮೂರು ವರ್ಷ ಇದ್ದು ವಿಜಯವಾಡಕ್ಕೆ ವರ್ಗವಾಗಿ ಬಂದರು. ಇನ್ನೊಂದು ಮೆಟ್ಟಿಲು ಹತ್ತಿದ್ದರೆ ಇನ್ನೊಂದು ಊರು. ಮಗ ಅಮೋಘನ ಓದು ಕೆಡುತ್ತದೆಂದು ಎರಡು ಸಲ ಬಡ್ತಿಯೇ ಬೇಡವೆಂದು ಬರೆದುಕೊಟ್ಟು ಭವಾನಿಪುರಂನ ಅದೇ ಮನೆಯಲ್ಲಿ ಉಳಿದರು. ಮಹಡಿಗೆ ಹೋದರೆ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತದೆ. ಅಮೋಘ ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುತ್ತ ಬೆಳೆದ. ಕನ್ನಡ ಓದಲು ಕಲಿಸಿದ್ದು ಅಪ್ಪ, ಭಾನುವಾರ ಬೆಳಿಗ್ಗೆ, ಅಂಚೆಯಲ್ಲಿ ಬರುತ್ತಿದ್ದ ವಾರಪತ್ರಿಕೆ ಹಿಡಿದು. ಒತ್ತಕ್ಷರ ತಪ್ಪಿದರೆ ಕಿವಿ ಹಿಂಡುತ್ತಿದ್ದರಂತೆ.

ನನಗೆ ಅಮೋಘ ಸಿಕ್ಕಿದ್ದು ವಿಶಾಖಪಟ್ಟಣದಲ್ಲಿ. ಅವನು ಪರವಾಡದ ಒಂದು ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟು, ನಾನು ಹೊಸದುರ್ಗದಿಂದ ಬಂದ ಕಂಪ್ಯೂಟರ್ ಕೂಲಿ. ಒಂದೇ ಮಹಡಿಯ ಎದುರುಬದುರು ಕೋಣೆಗಳು. ಇಬ್ಬರಿಗೂ ಒಂದೇ ಹುಚ್ಚು. ಲೆಕ್ಕಾಚಾರದ ಯುದ್ಧದಾಟಗಳ ಹುಚ್ಚು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪರದೆಯ ಮೇಲೆ ಚೌಕಾಬಾರದ ಹಾಗೆ ಮನೆಗಳಿರುತ್ತವೆ. ಕಾಯಿಗಳ ಬದಲು ಮನುಷ್ಯರು. ಒಬ್ಬೊಬ್ಬರಿಗೂ ಹೆಸರು, ಊರು, ಕಥೆ. ಒಂದು ಸರದಿ ನಮ್ಮದು, ಒಂದು ಶತ್ರುವಿನದು. ಒಂದು ಯುದ್ಧ ಗೆದ್ದರೆ ಕಥೆ ಒಂದಿಷ್ಟು ಮುಂದಕ್ಕೆ ಹೋಗುತ್ತದೆ. ಕನ್ನಡದಲ್ಲಿ ಇಂಥದ್ದೊಂದು ನಾವೇ ಯಾಕೆ ಮಾಡಬಾರದು ಎಂದು ಹೊರಟೆವು. ಕೋಟೆಯೊಂದರ ಕಾವಲಿನ ಕಥೆ, ಹದಿನಾಲ್ಕು ಯುದ್ಧ. ಕಥೆ ಅವನದು, ಆಟ ನನ್ನದು.

ಜಗಳ ಶುರುವಾದದ್ದು ಅಲ್ಲೇ. ಅವನ ಕಥೆಯಲ್ಲಿ ಮೂವರು ವಾರಸುದಾರರು, ಏಳು ಜನ ದ್ರೋಹಿಗಳು, ಒಬ್ಬೊಬ್ಬ ದ್ರೋಹಿಗೂ ಒಂದೊಂದು ಅಳುವ ಕಾರಣ. ರಜೆ ದಿನ ಭೀಮುನಿಪಟ್ಟಣದ ದಂಡೆಯಲ್ಲಿ ಕೂತು ಹುರಿದ ಜೋಳ ತಿನ್ನುತ್ತ ಕಿತ್ತಾಡುತ್ತಿದ್ದೆವು.

"ಲೇ, ಇಷ್ಟುದ್ದ ಮಾತು ಯಾವನ್ಲೇ ಓದ್ತಾನೆ? ಎಲ್ಲ ಬಟನ್ ಒತ್ತಿ ಹಾರಿಸ್ಕಂಡು ಹೋಗ್ತಾರೆ. ಊಟಕ್ಕಿಲ್ಲದ ಉಪ್ಪಿನಕಾಯಿ ನಿನ್ ಕಥೆ."

"ಹಾರಿಸ್ಕೊಂಡು ಹೋಗೋನು ನಿನ್ನಂಥೋನು. ಯಾಕೆ ಹೊಡೀತಿದೀನಿ ಅಂತ ಗೊತ್ತಿಲ್ದೆ ಹೊಡೆಯೋದು ಯುದ್ಧ ಅಲ್ಲ ರಾ, ಕೂಲಿ" ಅನ್ನುತ್ತಿದ್ದ ಅವನು.

ಕೊನೆಗೆ ಇಬ್ಬರೂ ಒಂದೊಂದು ನಿಯಮ ಗೆದ್ದುಕೊಂಡೆವು. ಯುದ್ಧದಲ್ಲಿ ಸತ್ತವರು ಮತ್ತೆ ಬರಕೂಡದು, ಆಗಲೇ ಆಟಕ್ಕೆ ತೂಕ. ಇದು ನನ್ನ ನಿಯಮ. ಅವನದು ಬೇರೆ. ಇಬ್ಬರನ್ನು ಬಹಳ ಸರದಿ ಅಕ್ಕಪಕ್ಕದ ಮನೆಗಳಲ್ಲಿ ನಿಲ್ಲಿಸಿದರೆ ಅವರು ತಾವಾಗಿಯೇ ಮಾತಿಗಿಳಿಯಬೇಕು. ಒಂದು ಜೋಡಿಗೆ ಮೂರು ಮಾತುಕತೆ. ಮೂರನೆಯದರಲ್ಲಿ ಮನಸ್ಸಿನಲ್ಲಿದ್ದದ್ದು ಹೊರಗೆ ಬರಬೇಕು.

ಅಂಥ ಒಂದು ಜೋಡಿ ಮುದಿ ಕಾವಲುಗಾರ ದೊಡ್ಡೀರಪ್ಪ ಮತ್ತು ಅವನ ಮಗ, ಬಿಲ್ಲುಗಾರ ಕಾಟಯ್ಯ. ಮಗನಿಗೆ ಗೊಂಬೆಯಾಟದವರ ಜೊತೆ ಊರೂರು ತಿರುಗುವ ಆಸೆ. ಅಪ್ಪ ಅವನನ್ನು ಕೋಟೆಯ ಕಾಯಂ ಕೆಲಸಕ್ಕೆ ಹಾಕಿರುತ್ತಾನೆ. ಇದು ಯಾರ ಮನೆಯ ಕಥೆ ಎಂದು ನಾನು ಕೇಳಬೇಕಾಗಿರಲಿಲ್ಲ. ಅಮೋಘ ಕೆಲಸ ಬಿಟ್ಟು ಪೂರ್ತಿ ಆಟಕ್ಕೆ ಕೂರುತ್ತೇನೆಂದಾಗ ಬಾಲಚಂದ್ರರು ಫೋನಿನಲ್ಲಿ, "ಆಟ ಆಡಿ ಯಾರೂ ಮನೆ ಕಟ್ಟಿಲ್ಲ. ಪರ್ಮನೆಂಟ್ ಕೆಲಸ, ಬಿಟ್ಟೆ ಅಂದ್ರೆ ಈ ಮನೆ ಮೆಟ್ಲು ಹತ್ಬೇಡ" ಅಂದಿದ್ದರು. ಅವನು ಕೆಲಸ ಬಿಡಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟ. ಎಂಟು ತಿಂಗಳು. ಅವರು ಫೋನು ಮಾಡಿದರೆ "ಡ್ಯೂಟೀಲಿದೀನಿ" ಎಂದು ಇಟ್ಟುಬಿಡುತ್ತಿದ್ದ.

ಒಂದು ಮೇ ಸಂಜೆ ಅವನು ಆ ಮೂರನೆಯ ಮಾತುಕತೆ ಬರೆಯಲು ಕೂತ. ನಾನು ತಡೆದೆ. ಹದಿಮೂರನೆಯ ಯುದ್ಧ ಗೆಲ್ಲಲಾಗದಷ್ಟು ಕಷ್ಟವಾಗಿತ್ತು, ಅದರ ಅಂಕಿಗಳನ್ನು ಇಬ್ಬರೂ ಕೂತು ಸರಿಮಾಡಬೇಕಿತ್ತು. "ಮೊದ್ಲು ಆಟ ಆಗ್ಲಿ, ಮಾತು ಆಮೇಲೆ" ಅಂದೆ. ಅವನು ಮುಖ ಸಿಂಡರಿಸಿ, ನನಗೆ ಕಾಣುವ ಹಾಗೆ, ಅಪ್ಪ ಮಗನ ಮಾತು ಬರಬೇಕಾದ ಜಾಗದಲ್ಲಿ ನನ್ನ ಮಾತನ್ನೇ ಟೈಪು ಮಾಡಿದ: ಮಾತು ಆಮೇಲೆ.

ಜೂನ್ ಮೊದಲ ವಾರ, ಬೆಳಗಿನ ಪಾಳಿಗೆ ಕಂಪನಿ ಬಸ್ಸು ಹತ್ತಿ ಹೋದ. ಹತ್ತು ಗಂಟೆಗೆ ಅವನ ವಿಭಾಗದಲ್ಲಿ ಬೆಂಕಿ ಬಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ತಿಂಗಳಾದ ಮೇಲೆ ಬಾಲಚಂದ್ರರು ಫೋನು ಮಾಡಿದರು. ಅಳಲಿಲ್ಲ, ಕೆಮ್ಮಿದರು. "ಕಿರಣಾ, ಆ ಆಟ ನಿನ್ಹತ್ರ ಇದೆಯಂತಲ್ಲಪ್ಪ, ತಂದ್ಕೊಡ್ತೀಯಾ?"

ರೈಲು ಹತ್ತಿ ವಿಜಯವಾಡಕ್ಕೆ ಹೋದೆ. ಅವರ ಹೆಂಡತಿ ಜಲಜಾ ಉಪ್ಪಿಟ್ಟು ತಂದಿಟ್ಟು ಹೇಳಿದರು: "ನನ್ಹತ್ರ ಹೇಳಿದ್ದ ಕಣೋ. ಅಪ್ಪಂಗೆ ಹೇಳೋದೆಲ್ಲ ಆಟದಲ್ಲಿ ಬರೀತೀನಮ್ಮ, ಅವರೇ ಆಡಿ ತಿಳ್ಕೊಳ್ಲಿ ಅಂತ. ಇವರಿಗೆ ಅದೊಂದು ಬೇಕಂತೆ. ಏನ್ ಹೇಳ್ಬೇಕು ಅಂತಿದ್ದ ಅಂತ."

ಆಗಲೇ ಹೇಳಿಬಿಡಬೇಕಿತ್ತು, ಆ ಮೂರನೆಯ ಮಾತುಕತೆಯಲ್ಲಿ ಏನೂ ಇಲ್ಲ ಎಂದು. ಬಾಯಿ ಬರಲಿಲ್ಲ. ಅರವತ್ತಕ್ಕೆ ನಿವೃತ್ತರಾದ ಮನುಷ್ಯ, ಫೋನಿನಲ್ಲಿ ಇಸ್ಪೀಟು ಕೂಡ ಆಡಿದವರಲ್ಲ, ಎರಡನೇ ಯುದ್ಧಕ್ಕೇ ಬೇಸತ್ತು ಬಿಡುತ್ತಾರೆ ಎಂದುಕೊಂಡೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಅವರು ಬಿಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು, ಬ್ಯಾಂಕಿಗೆ ಹೋಗುವ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಮಗನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ನಾನು ಹೋಗಿ ನೋಡುತ್ತಿದ್ದೆ. ಅವರು ಆಡುತ್ತಿದ್ದ ರೀತಿ ಕಂಡರೆ ತಲೆ ಚಚ್ಚಿಕೊಳ್ಳಬೇಕು. ಕಥೆಯ ಒಂದೊಂದು ಸಾಲನ್ನೂ ಎರಡು ಸಲ ಓದುವುದು, ಯಾವ ದ್ರೋಹಿಗೆ ಯಾವ ಕಾರಣ ಎಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು, ಯುದ್ಧ ಬಂದರೆ ಮಾತ್ರ ಪೆದ್ದನ ಹಾಗೆ ಸೋಲುವುದು. ಯಾಕೆಂದರೆ ಶತ್ರು ಎಲ್ಲೇ ಇರಲಿ, ದೊಡ್ಡೀರಪ್ಪ ಮತ್ತು ಕಾಟಯ್ಯರನ್ನು ಅಕ್ಕಪಕ್ಕದ ಮನೆಯಿಂದ ಕದಲಿಸುತ್ತಿರಲಿಲ್ಲ. ನಾಲ್ಕನೇ ಯುದ್ಧವನ್ನು ಹನ್ನೊಂದು ಸಲ ಸೋತರು. ನನಗೆ ತಡೆಯಲಾಗಲಿಲ್ಲ.

"ಅಂಕಲ್, ಆ ಮುದುಕನ್ನ ಒಬ್ನೇ ಬಾಗ್ಲಿಗೆ ಕಳ್ಸಿ. ಮೂರು ಜನ ಅವನ ಮೇಲೆ ಬೀಳ್ತಾರೆ, ಹಿಂದ್ಲಿಂದ ಕಾಟಯ್ಯ ಬಾಣ ಬಿಡ್ಲಿ. ಎರಡೇ ಸರ್ದೀಲಿ ಮುಗೀತು."

"ಮುದುಕ ಸಾಯ್ತಾನಲ್ಲೋ."

"ಸತ್ರೆ ಸಾಯ್ಲಿ ಬಿಡಿ ಅಂಕಲ್, ಆಟ ಗೆಲ್ತೀವಲ್ಲ."

ಒಳಗೆ ತರಕಾರಿ ಹೆಚ್ಚುತ್ತಿದ್ದ ಜಲಜಾರ ಚಾಕು ನಿಂತಿತು. ಬಾಲಚಂದ್ರರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮುದುಕ ಸತ್ರೆ ಮಗ ಯಾರ್ಹತ್ರ ಮಾತಾಡ್ತಾನೆ?" ಅಂದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹನ್ನೆರಡನೆಯ ಸಲವೂ ಅವರು ಹಾಗೆಯೇ ಆಡಿ, ಹಾಗೆಯೇ ಸೋತರು.

ಆದರೆ ಅಂದು ಒಂದು ಸಂಗತಿ ಗಮನಿಸಿದೆ. ಅಮೋಘ ಬರೆದದ್ದನ್ನು ಅವನು ಹೇಗೆ ಓದಿಸಬೇಕೆಂದಿದ್ದನೋ ಹಾಗೆ ಓದಿದ ಮನುಷ್ಯ ಇವರೊಬ್ಬರೇ. ನಾನು ಆ ಆಟವನ್ನು ನೂರು ಸಲ ಆಡಿದ್ದೇನೆ, ಮೂರನೇ ದ್ರೋಹಿಯ ಹೆಂಡತಿಯ ಹೆಸರು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಮಗ ಬದುಕಿದ್ದಾಗ ಒಂದು ಭಾನುವಾರ ಇಷ್ಟು ಹೊತ್ತು ಕೂತಿದ್ದರೆ ಸಾಕಿತ್ತು. ಅದನ್ನು ಅವರೂ ಯೋಚಿಸಿದ್ದಾರು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕುಂಟುತ್ತ, ಕಲಿಯುತ್ತ, ಏಳು ತಿಂಗಳಲ್ಲಿ ಹನ್ನೆರಡು ಯುದ್ಧ ದಾಟಿದರು. ಮೊದಲನೆಯ ಮಾತುಕತೆ ತೆರೆಯಿತು, ಎರಡನೆಯದೂ ತೆರೆಯಿತು. ಎರಡರಲ್ಲೂ ಕಾಟಯ್ಯ ಅಪ್ಪನನ್ನು ಮಾತಿನಲ್ಲೇ ತಿವಿಯುತ್ತಾನೆ. "ಸರಿಯಾಗೇ ಹೇಳಿದಾನೆ" ಅಂದರು. ಫೆಬ್ರವರಿಯಲ್ಲಿ ಫೋನು ಬಂತು: "ಇನ್ನೊಂದೇ ಯುದ್ಧ ಕಣೋ, ಮೂರನೇದು ತೆಗಿಯುತ್ತೆ. ಭಾನುವಾರ ನೀನೂ ಬಾ."

ಐದು ದಿನ ಆಫೀಸಿಗೆ ರಜೆ ಹಾಕಿ ಕೋಣೆಯಲ್ಲಿ ಕೂತೆ. ಅಮೋಘ ಕಳಿಸಿದ್ದ ಮೆಸೇಜುಗಳನ್ನೆಲ್ಲ ಓದಿದೆ. ಅವನು ಹೇಗೆ ಮಾತು ಶುರುಮಾಡುತ್ತಾನೆ, ಎಲ್ಲಿ ತೆಲುಗು ಬೆರೆಸುತ್ತಾನೆ, ಯಾವ ಒತ್ತಕ್ಷರ ತಪ್ಪುತ್ತಾನೆ, ಎಲ್ಲ ನೋಡಿಕೊಂಡು ಮೂವತ್ತನಾಲ್ಕು ಸಾಲು ಬರೆದೆ. ಜನ್ಮದಲ್ಲಿ ಕಥೆ ಬರೆಯದವನು. ಕಾಟಯ್ಯ ಅಪ್ಪನಿಗೆ ಹೇಳುತ್ತಾನೆ: ನೀನು ನನ್ನನ್ನು ಕೋಟೆಯಲ್ಲಿ ಇಟ್ಟದ್ದು ನನ್ನ ಒಳ್ಳೆಯದಕ್ಕೇ, ನನಗೆ ಸಿಟ್ಟಿಲ್ಲ, ನೀನು ಕಲಿಸಿದ ಅಕ್ಷರದಿಂದಲೇ ನಾನು ಇಷ್ಟು ಆದೆ. ಬರೆಯುತ್ತ ನಾನೇ ಅತ್ತೆ. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ, "ಸಣ್ಣದೊಂದು ತೊಂದರೆ ಇತ್ತು ಅಂಕಲ್, ಸರಿ ಮಾಡ್ಕೊಂಡು ತಂದಿದೀನಿ" ಎಂದು ಪೆನ್‌ಡ್ರೈವಿನಿಂದ ಅದನ್ನು ಕಂಪ್ಯೂಟರಿಗೆ ಹಾಕಿದೆ.

ಹದಿಮೂರನೆಯ ಯುದ್ಧ ಎರಡು ಗಂಟೆ ಹಿಡಿಯಿತು. ಗೆದ್ದರು. ಇಬ್ಬರೂ ಬದುಕಿದ್ದರು, ಅಕ್ಕಪಕ್ಕದಲ್ಲೇ. ಮಾತುಕತೆ ತೆರೆಯಿತು.

ಜಲಜಾ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. "ಏನ್ ಬರ್ದಿದಾನ್ರೀ? ಜೋರಾಗಿ ಓದಿ."

ಬಾಲಚಂದ್ರರು ಮೊದಲು ಎಂಟು ಹತ್ತು ಸಾಲು ಮನಸ್ಸಿನಲ್ಲೇ ಓದಿಕೊಂಡರು. ಒಂದು ಸಾಲಿನ ಹತ್ತಿರ ಓದು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಮೊದಲಿನಿಂದ ಕೊನೆಯ ತನಕ ದನಿ ನಡುಗದ ಹಾಗೆ ಓದಿದರು. ಜಲಜಾ ಸೆರಗು ಬಾಯಿಗೊತ್ತಿಕೊಂಡು ಅತ್ತರು. "ಸಿಟ್ಟಿರ್ಲಿಲ್ಲ ನೋಡಿ, ನನ್ ಕಂದಂಗೆ ಸಿಟ್ಟೇ ಇರ್ಲಿಲ್ಲ" ಎಂದು ಹೇಳುತ್ತ ದೇವರ ಮುಂದೆ ದೀಪ ಹಚ್ಚಲು ಒಳಗೆ ಹೋದರು.

ಅವರು ಹೋದ ಮೇಲೆ ಬಾಲಚಂದ್ರರು ನನ್ನ ಕಡೆ ತಿರುಗಿದರು.

"ಚೆನ್ನಾಗ್ ಬರ್ದಿದೀಯ ಕಣೋ."

"ನಾನಾ ಅಂಕಲ್? ಇಲ್ಲ, ಅದು ಅಮೋಘನೇ..."

"ನಿಜವಾದ ಸಹಿ ಒಂದ್ಸಲ ಇದ್ದಂಗೆ ಇನ್ನೊಂದ್ಸಲ ಇರಲ್ಲ ಕಿರಣಾ. ಎಲ್ಲೋ ಒಂದ್ಕಡೆ ಕೈ ಅದುರಿರುತ್ತೆ, ಎಲ್ಲೋ ಅವಸರ ಮಾಡಿರ್ತಾರೆ. ನಕಲು ಮಾಡಿದ್ದು ಮಾತ್ರ ತೀರಾ ಸರಿಯಾಗಿರುತ್ತೆ. ನನಗೆ ಏನು ಬೇಕೋ ಅಷ್ಟನ್ನೂ ಹೇಳಿದಾನಲ್ಲ ಇಲ್ಲಿ, ಒಂದೂ ಬಿಟ್ಟಿಲ್ಲ. ನನ್ ಮಗ ಯಾವತ್ತು ನನಗೆ ಬೇಕಾದ್ದು ಹೇಳಿದ್ದ?" ಪರದೆಯ ಕಡೆ ಬೆರಳು ತೋರಿದರು. "ಮೊದ್ಲು ಅಲ್ಲಿ ಏನಿತ್ತು?"

ಹೇಳಿದೆ. ಆ ಎರಡು ಪದ ಹೇಳಿದೆ, ಆ ಮೇ ಸಂಜೆಯದನ್ನೂ ಹೇಳಿದೆ. ನಾನು ತಡೆಯದಿದ್ದರೆ ಅಂದೇ ಬರೆದು ಮುಗಿಸುತ್ತಿದ್ದ ಎಂದೂ ಹೇಳಿದೆ. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ. ಅವರು ಬೈಯಲಿಲ್ಲ. ಅದನ್ನು ಇಂದಿಗೂ ನನಗೆ ಸಹಿಸಲಾಗುತ್ತಿಲ್ಲ.

"ಅದನ್ನೇ ವಾಪಸ್ ಹಾಕ್ಕೊಡು, ನೋಡ್ಬೇಕು. ನಿಂದೂ ಇನ್ನೊಂದ್ಕಡೆ ಇರ್ಲಿ. ಅವಳಿಗೆ ಬೇಕು."

ಹಾಕಿಕೊಟ್ಟೆ. ಗುಂಡಿ ಒತ್ತಿದರು. ದೊಡ್ಡೀರಪ್ಪ ಒಂದು ಮನೆಯಲ್ಲಿ, ಕಾಟಯ್ಯ ಪಕ್ಕದ ಮನೆಯಲ್ಲಿ. ಕೆಳಗೆ ಪಟ್ಟಿಯಲ್ಲಿ ಎರಡು ಪದ: ಮಾತು ಆಮೇಲೆ. ಬಾಲಚಂದ್ರರು ಪರದೆಯ ಹತ್ತಿರ ಬಗ್ಗಿ, ಬ್ಯಾಂಕಿನಲ್ಲಿ ಸಹಿ ನೋಡುತ್ತಿದ್ದ ಹಾಗೆ, ಎಷ್ಟೋ ಹೊತ್ತು ನೋಡಿದರು.

"ಹೂಂ. ಇದು ಅವನದು" ಅಂದರು. ಭುಜಗಳು ಕುಸಿದವು. ಆಗ ಅತ್ತರು, ಒಳಗೆ ಕೇಳಿಸದ ಹಾಗೆ, ಅಂಗೈ ಕಚ್ಚಿಕೊಂಡು.

ಹದಿನಾಲ್ಕನೆಯ ಯುದ್ಧ ಅವರು ಆಡಲಿಲ್ಲ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದರು. ಇಸ್ತ್ರಿ ಅಂಗಿ ಹಾಕುವುದನ್ನು ಬಿಟ್ಟರು. ಫೋನು ಮಾಡಿದರೆ ಜಲಜಾರೇ ಎತ್ತುತ್ತಾರೆ. "ಮಹಡೀಲಿದಾರಪ್ಪ, ಬೆಟ್ಟ ನೋಡ್ತಾ ಕೂತಿರ್ತಾರೆ" ಅನ್ನುತ್ತಾರೆ.

ಜೂನ್‌ನಲ್ಲಿ ವರ್ಷಾಬ್ದಿಕಕ್ಕೆ ಹೋಗಿದ್ದೆ. ಶಿರಾದಿಂದ ನೆಂಟರು ಬಂದಿದ್ದರು. ಊಟವಾದ ಮೇಲೆ ಜಲಜಾ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ, ಬಟ್ಟೆ ಸರಿಸಿ ಕಂಪ್ಯೂಟರ್ ಹಚ್ಚಿಸಿದರು. "ನನ್ ಮಗ ಅಪ್ಪಂಗೆ ಏನ್ ಬರ್ದಿಟ್ಟು ಹೋಗಿದಾನೆ ಕೇಳಿ. ರೀ, ಓದ್ರೀ."

ಬಾಲಚಂದ್ರರು ಮೂಲೆಯಲ್ಲಿ ಕೂತಿದ್ದ ನನ್ನನ್ನು ಒಮ್ಮೆ ನೋಡಿದರು. ಕನ್ನಡಕ ಹಾಕಿಕೊಂಡರು. ಮೂವತ್ತೊಂದು ವರ್ಷ ಒಂದೂ ನಕಲಿ ಸಹಿ ಪಾಸು ಮಾಡದ ಮನುಷ್ಯ ನನ್ನ ಮೂವತ್ತನಾಲ್ಕು ಸಾಲುಗಳನ್ನು ಒಂದೂ ಬಿಡದೆ ಓದಿ ಮುಗಿಸಿದರು.